ಪ್ರೌಢಶಾಲೆಯಲ್ಲಿ ಹುಡುಗಿಯರು ಶೇ. 47: ಇದು ಕಡಿಮೆಯೋ, ಸಾಕೋ?

ಪ್ರಶ್ನೆ: ಅಭಿವೃದ್ಧಿಶೀಲ ದೇಶಗಳ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಒಂದು ವರದಿ ಬರೆಯುತ್ತಿದ್ದೇನೆ. ವಿಶ್ವಬ್ಯಾಂಕಿನ ಅಂಕಿಅಂಶಗಳಲ್ಲಿ ‘ಪ್ರೌಢ ಹಂತದ ವಿದ್ಯಾರ್ಥಿಗಳಲ್ಲಿ ಹುಡುಗಿಯರ ಶೇಕಡಾವಾರು’ ಎಂಬ ಸಾಲು ಸಿಕ್ಕಿತು. ನಾನು ಆರಿಸಿಕೊಂಡ ದೇಶದಲ್ಲಿ ಅದು ಹತ್ತು ವರ್ಷಗಳಲ್ಲಿ 44ರಿಂದ 47ಕ್ಕೆ ಏರಿದೆ. ‘ಸಮಾನತೆಗೆ ಇನ್ನು ಮೂರೇ ಅಂಶ ಬಾಕಿ’ ಎಂದು ಬರೆಯಬಹುದೇ? ಆ ಮೂರನ್ನು ದಾಟಿಸಲು ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ: ಸೈಕಲ್ಲೋ, ಸ್ಟೈಪೆಂಡೋ, ಶೌಚಾಲಯವೋ?

ಉತ್ತರ:

ಹಾಗೆ ಬರೆಯಬೇಡಿ. ಆ ‘ಮೂರು’ ನಿಮಗೆ ಸಿಕ್ಕಿದ್ದು 50ರಲ್ಲಿ 47 ಕಳೆದು. ಆದರೆ ಇಲ್ಲಿ 50 ಸಮಾನತೆಯ ಗೆರೆಯೇ ಅಲ್ಲ. ಶಾಲೆಯಲ್ಲಿ ಎಷ್ಟು ಹುಡುಗಿಯರಿರಬೇಕು ಅನ್ನುವುದು ಊರಲ್ಲಿ ಆ ವಯಸ್ಸಿನ ಹುಡುಗಿಯರು ಎಷ್ಟಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಮೊದಲು ಆ ಗೆರೆ ಎಲ್ಲಿದೆ ಅಂತ ಹುಡುಕಬೇಕು, ಆಮೇಲೆ ಅಂತರ ಅಳೆಯಬೇಕು.

ಸಹಜವಾಗಿ 100 ಹೆಣ್ಣುಮಕ್ಕಳು ಹುಟ್ಟುವ ಕಡೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ. 100ನ್ನು 205ರಿಂದ ಭಾಗಿಸಿದರೆ 48.8. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಈ 105 ಅನ್ನುವುದು 103ರ ಆಸುಪಾಸಿಗೆ ಇಳಿಯುತ್ತದೆ. ಜೊತೆಗೆ ಐದು ವರ್ಷದೊಳಗೆ ಸಾಯುವವರಲ್ಲಿ ಗಂಡುಮಕ್ಕಳೇ ಹೆಚ್ಚು. ಹಾಗಾಗಿ ಅಲ್ಲಿ ಗೆರೆ 49ಕ್ಕಿಂತ ಮೇಲೆಯೇ ಇರುತ್ತದೆ. ಭ್ರೂಣದ ಲಿಂಗ ನೋಡಿ ಗರ್ಭಪಾತ ನಡೆದ ದೇಶಗಳಲ್ಲಿ ಇದು ತಿರುಗುಮುರುಗು. ಚೀನಾದ 2020ರ ಜನಗಣತಿಯಲ್ಲಿ 100 ಹೆಣ್ಣಿಗೆ 111.3 ಗಂಡುಶಿಶುಗಳು ಹುಟ್ಟಿದ್ದವು. ಅದಕ್ಕೂ ಮೊದಲಿನ ವರ್ಷಗಳಲ್ಲಿ ಅನುಪಾತ ಇನ್ನೂ ಕೆಟ್ಟಿತ್ತು. ಆಗ ಹುಟ್ಟಿದವರು ಪ್ರೌಢಶಾಲೆಗೆ ಬರುವ ಹೊತ್ತಿಗೆ ಆ ವಯೋಮಾನದಲ್ಲಿ ಹುಡುಗಿಯರ ಪಾಲು 46ರಿಂದ 47ರ ನಡುವೆ ನಿಂತಿತು. ಭಾರತದ 2011ರ ಜನಗಣತಿಯಲ್ಲಿ 0–6 ವಯಸ್ಸಿನ 1,000 ಗಂಡುಮಕ್ಕಳಿಗೆ 919 ಹೆಣ್ಣುಮಕ್ಕಳು. ಅಂದರೆ ಪಾಲು 47.9.

ಈಗ ನಿಮ್ಮ 47ನ್ನು ಎರಡು ಕಡೆ ಇಟ್ಟು ನೋಡಿ. ಲೆಕ್ಕ ಸುಲಭ. ಶಾಲೆಯಲ್ಲಿ ಹುಡುಗಿ–ಹುಡುಗರ ಅನುಪಾತವನ್ನು ಜನಸಂಖ್ಯೆಯಲ್ಲಿ ಹುಡುಗಿ–ಹುಡುಗರ ಅನುಪಾತದಿಂದ ಭಾಗಿಸಿದರಾಯಿತು.

ಜನಸಂಖ್ಯೆಯಲ್ಲಿ ಹುಡುಗಿಯರು 48.8 ಇರುವ ದೇಶ: ಶಾಲೆಯಲ್ಲಿ 47 ÷ 53 = 0.887; ಜನಸಂಖ್ಯೆಯಲ್ಲಿ 48.8 ÷ 51.2 = 0.953, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.93.

ಜನಸಂಖ್ಯೆಯಲ್ಲಿ ಹುಡುಗಿಯರು 46.5 ಇರುವ ದೇಶ: ಶಾಲೆಯಲ್ಲಿ ಅದೇ 0.887, ಜನಸಂಖ್ಯೆಯಲ್ಲಿ 46.5 ÷ 53.5 = 0.869, ಭಾಗಿಸಿದರೆ 1.02.

ಹೀಗೆ ಬಂದ ಸಂಖ್ಯೆಗೇ ಲಿಂಗ ಸಮಾನತಾ ಸೂಚ್ಯಂಕ, ಚಿಕ್ಕದಾಗಿ ಜಿಪಿಐ, ಅನ್ನುತ್ತಾರೆ. ಹುಡುಗಿಯರ ದಾಖಲಾತಿ ದರವನ್ನು ಹುಡುಗರ ದಾಖಲಾತಿ ದರದಿಂದ ಭಾಗಿಸಿದರೂ ಬರುವುದು ಇದೇ. ಯುನೆಸ್ಕೋ ಲೆಕ್ಕದಲ್ಲಿ 0.97ರಿಂದ 1.03ರ ಒಳಗಿದ್ದರೆ ಸಮಾನತೆ. ಮೊದಲ ದೇಶದಲ್ಲಿ ಹುಡುಗರಷ್ಟೇ ಪ್ರಮಾಣದಲ್ಲಿ ಬರಬೇಕಿದ್ದ ಪ್ರತಿ 100 ಹುಡುಗಿಯರಲ್ಲಿ 7 ಮಂದಿ ಬಂದಿಲ್ಲ. ಎರಡನೆಯದರಲ್ಲಿ ಶಾಲೆಯ ಬಾಗಿಲಲ್ಲಿ ಭೇದವೇ ಇಲ್ಲ, ಭೇದ ನಡೆದದ್ದು ಹುಟ್ಟುವುದಕ್ಕೂ ಮುಂಚೆ. ಎರಡೂ ದೇಶ ಒಂದೇ ಸಾಲಿನಲ್ಲಿ, ಒಂದೇ 47 ಹಿಡಿದು ಕೂತಿರುತ್ತವೆ.

ಹಾಗಾದರೆ ಈ ಪಾಲಿನ ಅಂಕಿ ಯಾಕೆ ಬೇಕು, ನೇರವಾಗಿ ಜಿಪಿಐ ತೆಗೆದುಕೊಂಡರಾಗದೇ ಅಂತ ನೀವು ಕೇಳಬಹುದು. ಪಾಲಿಗೆ ಒಂದು ದೊಡ್ಡ ಅನುಕೂಲ ಇದೆ: ಅದಕ್ಕೆ ಜನಗಣತಿ ಬೇಡ, ಹಾಜರಿ ಪುಸ್ತಕ ಸಾಕು. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ ಕೊನೆಯ ಜನಗಣತಿ ಆದದ್ದು 1984ರಲ್ಲಿ. ಅಲ್ಲಿ ‘12ರಿಂದ 17ರ ಮಕ್ಕಳಲ್ಲಿ ಇಷ್ಟು ಶೇಕಡಾ ಶಾಲೆಯಲ್ಲಿದ್ದಾರೆ’ ಅನ್ನುವ ಮಾತು ನಾಲ್ಕು ದಶಕದ ಹಿಂದಿನ ಎಣಿಕೆಯಿಂದ ಅಂದಾಜಿಸುತ್ತಾ ಬಂದ ಭಾಜಕದ ಮೇಲೆ ನಿಂತಿದೆ. ಪಾಲಿಗೆ ಆ ಊರುಗೋಲು ಬೇಕಾಗಿಲ್ಲ. ಆದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಒಂದು ಮೇಲಕ್ಕೆ ಹೋಗಿ ಇನ್ನೊಂದು ಕೆಳಗೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಜನಸಂಖ್ಯೆಯ ಅಂದಾಜನ್ನು.

ಪಾಲು ಏರಿತು ಅಂದರೆ ಹುಡುಗಿಯರು ಹೆಚ್ಚಿದರು ಅಂತಲೂ ಅಲ್ಲ. ವರದಿಗಳಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ. ಒಂದು ಕಲ್ಪಿತ ದೇಶ ತೆಗೆದುಕೊಳ್ಳೋಣ. ಪ್ರೌಢಶಾಲಾ ವಯಸ್ಸಿನ ಮಕ್ಕಳು 10 ಲಕ್ಷ: ಹುಡುಗಿಯರು 4,88,000, ಹುಡುಗರು 5,12,000. ಹುಡುಗರಲ್ಲಿ ಅರ್ಧ, ಅಂದರೆ 2,56,000, ಶಾಲೆಯಲ್ಲಿದ್ದಾರೆ. ಹುಡುಗಿಯರಲ್ಲಿ ಶೇ. 40, ಅಂದರೆ 1,95,200. ಹುಡುಗಿಯರ ಪಾಲು 43.3. ಐದು ವರ್ಷ ಬಿಟ್ಟು ಗಣಿಯಲ್ಲೋ ಗಡಿಯಾಚೆಯ ಕಟ್ಟಡ ಕೆಲಸದಲ್ಲೋ ಕೂಲಿ ಏರಿತು, ಹುಡುಗರು ಶಾಲೆ ಬಿಟ್ಟರು, ಅವರ ದರವೂ ಶೇ. 40ಕ್ಕೆ ಇಳಿಯಿತು. ಹುಡುಗರು ಈಗ 2,04,800. ಹುಡುಗಿಯರು ಅದೇ 1,95,200, ಒಬ್ಬಳೂ ಹೆಚ್ಚಿಲ್ಲ. ಪಾಲು ಮಾತ್ರ 43.3ರಿಂದ 48.8ಕ್ಕೆ ಜಿಗಿದಿದೆ, ಜಿಪಿಐ ಸರಿಯಾಗಿ 1. ಕೋಷ್ಟಕ ನೋಡಿದವರು ಸಿಹಿ ಹಂಚುತ್ತಾರೆ.

ಇದು ಬರೀ ಕಾಗದದ ಲೆಕ್ಕವಲ್ಲ. ಲೆಸೊಥೊದಲ್ಲಿ ದನ–ಕುರಿ ಮೇಯಿಸಲು ಹುಡುಗರನ್ನು ಕಳಿಸುವ ರೂಢಿಯಿಂದ ಪ್ರೌಢಶಾಲೆಯಲ್ಲಿ ಹುಡುಗಿಯರು ಶೇ. 55ಕ್ಕೂ ಹೆಚ್ಚು. ಮಂಗೋಲಿಯದಲ್ಲಿ 1990ರ ದಶಕದಲ್ಲಿ ಸಾಮೂಹಿಕ ಪಶುಪಾಲನೆ ಒಡೆದು ಹಿಂಡುಗಳು ಮನೆಮನೆಗೆ ಹಂಚಿಹೋದಾಗ ಹಿಂಡು ಕಾಯಲು ಗಂಡುಮಕ್ಕಳು ಬೇಕಾದರು, ಅವರು ಶಾಲೆಯಿಂದ ಹೊರಬಿದ್ದರು. ಲ್ಯಾಟಿನ್ ಅಮೆರಿಕದ ಎಷ್ಟೋ ದೇಶಗಳಲ್ಲೂ ಮೇಲಿನ ತರಗತಿಗಳಲ್ಲಿ ಹುಡುಗರೇ ಕಡಿಮೆ. ಹಾಗಾಗಿ ಮೊದಲ ನಿಯಮ: ಪಾಲನ್ನು ಉಲ್ಲೇಖಿಸುವಾಗ ಪಕ್ಕದಲ್ಲಿ ಹುಡುಗಿಯರ ನಿಜ ಸಂಖ್ಯೆಯನ್ನೂ ಹುಡುಗರ ನಿಜ ಸಂಖ್ಯೆಯನ್ನೂ ಬರೆಯಿರಿ. ನಿಮ್ಮ ದೇಶದ 44ರಿಂದ 47ರ ಏರಿಕೆಯಲ್ಲಿ ಎಷ್ಟು ಹುಡುಗಿಯರ ಬರುವಿಕೆಯಿಂದ, ಎಷ್ಟು ಹುಡುಗರ ಹೋಗುವಿಕೆಯಿಂದ ಅನ್ನುವುದು ಆಗ ತಾನಾಗಿ ಕಾಣುತ್ತದೆ.

ಇನ್ನು ಒಟ್ಟು ಪ್ರೌಢ ಹಂತ ಅನ್ನುವ ಆ ಒಂದೇ ಸಂಖ್ಯೆಯನ್ನು ಒಡೆಯಬೇಕು. ಸಾಧ್ಯವಿದ್ದರೆ ತರಗತಿವಾರು, ಇಲ್ಲವಾದರೆ ಕನಿಷ್ಠ ಕೆಳ ಪ್ರೌಢ ಮತ್ತು ಮೇಲಿನ ಪ್ರೌಢ ಅಂತ ಎರಡಾಗಿ. ಮತ್ತೆ ಕಲ್ಪಿತ ಅಂಕಿಗಳೇ, ಆದರೆ ಅನೇಕ ದೇಶಗಳ ನಿಜವಾದ ಕೋಷ್ಟಕಗಳ ಆಕಾರ ಹೀಗೇ ಇರುತ್ತದೆ:

7ನೇ ತರಗತಿ: ಹುಡುಗರು 1,00,000, ಹುಡುಗಿಯರು 94,000, ಪಾಲು 48.5
8ನೇ ತರಗತಿ: ಹುಡುಗರು 88,000, ಹುಡುಗಿಯರು 80,000, ಪಾಲು 47.6
9ನೇ ತರಗತಿ: ಹುಡುಗರು 78,000, ಹುಡುಗಿಯರು 68,000, ಪಾಲು 46.6
10ನೇ ತರಗತಿ: ಹುಡುಗರು 60,000, ಹುಡುಗಿಯರು 40,000, ಪಾಲು 40.0
11ನೇ ತರಗತಿ: ಹುಡುಗರು 52,000, ಹುಡುಗಿಯರು 33,000, ಪಾಲು 38.8
12ನೇ ತರಗತಿ: ಹುಡುಗರು 48,000, ಹುಡುಗಿಯರು 30,000, ಪಾಲು 38.5

ಒಟ್ಟು ಪಾಲು 44.7. ಆ 44.7ನ್ನು ನೋಡಿದರೆ ಆರೂ ತರಗತಿಗಳಲ್ಲಿ ಸ್ವಲ್ಪ ಸ್ವಲ್ಪ ಕೊರತೆ ಇದೆ ಅನ್ನಿಸುತ್ತದೆ. ನಿಜದಲ್ಲಿ ಒಂಬತ್ತರಿಂದ ಹತ್ತಕ್ಕೆ ಹೋಗುವಾಗ ಮೆಟ್ಟಿಲೇ ಮುರಿದಿದೆ. 78,000 ಹುಡುಗರಿಗೆ ಎದುರಾಗಿ ಮೇಲಿನ ತರಗತಿಯಲ್ಲಿ 60,000, ಅಂದರೆ 100ಕ್ಕೆ 77. ಹುಡುಗಿಯರದ್ದು 68,000ಕ್ಕೆ 40,000, 100ಕ್ಕೆ 59. ಅಲ್ಲಿಂದ ಮುಂದೆ ಪಾಲು ಹೆಚ್ಚೇನೂ ಕುಸಿಯುವುದಿಲ್ಲ, ಹತ್ತನ್ನು ಮುಟ್ಟಿದವಳು ಬಹುಪಾಲು ಹುಡುಗರಷ್ಟೇ ಗಟ್ಟಿಯಾಗಿ ನಿಲ್ಲುತ್ತಾಳೆ. ಏಳನೇ ತರಗತಿಯಲ್ಲಿ ಶೌಚಾಲಯ ಕಟ್ಟಿಸಿದರೂ ಹನ್ನೊಂದರಲ್ಲಿ ಸ್ಕಾಲರ್‌ಶಿಪ್ ಕೊಟ್ಟರೂ ಈ ದೇಶದ ಪಾಲು ಅಲುಗಾಡುವುದು ಕಷ್ಟ. ಒಂದು ಎಚ್ಚರ: ಒಂದೇ ವರ್ಷದ ಕೋಷ್ಟಕದಲ್ಲಿ ಇರುವುದು ಬೇರೆ ಬೇರೆ ವರ್ಷ ಶಾಲೆ ಸೇರಿದ ಆರು ತಂಡಗಳು. ನಿಖರವಾಗಿ ಬೇಕಿದ್ದರೆ ಹೋದ ವರ್ಷದ ಒಂಬತ್ತನ್ನು ಈ ವರ್ಷದ ಹತ್ತಕ್ಕೆ ಹೋಲಿಸಿ.

ಹೋಲಿಸುವಾಗ ಅದೇ ತರಗತಿಯಲ್ಲಿ ಮತ್ತೆ ಕೂತವರನ್ನು ಕಳೆಯಲು ಮರೆಯಬೇಡಿ. ಈ ಕಾಲಂ ಬಹಳ ಜನ ಬಿಟ್ಟುಬಿಡುತ್ತಾರೆ, ನನ್ನ ಪ್ರಕಾರ ಅತಿ ಹೆಚ್ಚು ಮಾತಾಡುವ ಕಾಲಂ ಅದೇ. ಮೇಲಿನ ಹತ್ತನೇ ತರಗತಿಯ 60,000 ಹುಡುಗರಲ್ಲಿ 9,000 ಮಂದಿ ಫೇಲಾಗಿ ಮರಳಿ ಕೂತವರು, 40,000 ಹುಡುಗಿಯರಲ್ಲಿ ಅಂಥವರು 2,000 ಅಂದುಕೊಳ್ಳಿ. ಹೊಸದಾಗಿ ಬಂದವರು ಹುಡುಗರು 51,000, ಹುಡುಗಿಯರು 38,000. ಪಾಲು 40 ಅಲ್ಲ, 42.7. ಮೇಲಕ್ಕೆ ಹೋದವರ ದರ ಹುಡುಗರದ್ದು 100ಕ್ಕೆ 65, ಹುಡುಗಿಯರದ್ದು 56. ಅಂತರ 18ರಿಂದ 9ಕ್ಕೆ, ಅರ್ಧಕ್ಕೆ ಇಳಿಯಿತು. ಉಳಿದರ್ಧ ಎಲ್ಲಿ ಹೋಯಿತು? ಅದು ಎರಡನೇ ಅವಕಾಶದ ಅಂತರ. ಹುಡುಗ ಫೇಲಾದರೆ ಮನೆಯವರು ‘ಇನ್ನೊಂದು ವರ್ಷ ಕಟ್ಟಲಿ’ ಅನ್ನುತ್ತಾರೆ. ಹುಡುಗಿ ಫೇಲಾದರೆ ‘ಓದಿದ್ದು ಸಾಕು’. ಇಂಥ ಕಡೆ ಬೇಕಾಗಿರುವುದು ಹೊಸ ಶಾಲೆಯಲ್ಲ. ಪರೀಕ್ಷೆಗೆ ಮುಂಚಿನ ಪರಿಹಾರ ಬೋಧನೆ, ಬೇಗ ನಡೆಯುವ ಪೂರಕ ಪರೀಕ್ಷೆ, ಮರುಪರೀಕ್ಷೆಯ ಶುಲ್ಕ ಮನ್ನಾ.

ಒಟ್ಟು ಪಾಲು ಇನ್ನೂ ಒಂದು ಆಟ ಆಡುತ್ತದೆ. ಕೆಳ ಪ್ರೌಢದಲ್ಲಿ 5 ಲಕ್ಷ ಮಕ್ಕಳು, ಹುಡುಗಿಯರು ಶೇ. 48, ಮೇಲಿನ ಪ್ರೌಢದಲ್ಲಿ 1 ಲಕ್ಷ, ಹುಡುಗಿಯರು ಶೇ. 40. ಒಟ್ಟು 46.7. ಸರ್ಕಾರ ಮೇಲಿನ ಪ್ರೌಢವನ್ನು ಹಿಗ್ಗಿಸಿತು. ಈಗ ಕೆಳಗೆ ಅದೇ 5 ಲಕ್ಷ, ಶೇ. 48.5, ಮೇಲೆ 4 ಲಕ್ಷ, ಶೇ. 42. ಎರಡೂ ಕಡೆ ಹುಡುಗಿಯರ ಪಾಲು ಏರಿದೆ, ಆದರೂ ಒಟ್ಟು 45.6ಕ್ಕೆ ಇಳಿದಿದೆ, ಏಕೆಂದರೆ ಕಡಿಮೆ ಪಾಲಿರುವ ಹಂತದ ತೂಕ ಹೆಚ್ಚಿತು. ಒಳ್ಳೆಯ ಕೆಲಸ ಮಾಡಿದ ಸರ್ಕಾರ ಬೈಸಿಕೊಳ್ಳುವುದು ಹೀಗೆ.

ಅಂಕಿ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಒಮ್ಮೆ ನೋಡಿ. ವಿಶ್ವಬ್ಯಾಂಕ್ ಸ್ವತಃ ಎಣಿಸುವುದಿಲ್ಲ. ಆ ಸಾಲು ಬರುವುದು ಮಾಂಟ್ರಿಯಲ್‌ನಲ್ಲಿರುವ ಯುನೆಸ್ಕೋ ಅಂಕಿಅಂಶ ಸಂಸ್ಥೆಯಿಂದ, ಅದಕ್ಕೆ ಆಯಾ ದೇಶದ ಶಿಕ್ಷಣ ಇಲಾಖೆಯಿಂದ, ಇಲಾಖೆಗೆ ಹೆಡ್‌ಮಾಸ್ಟರ್ ತುಂಬಿದ ನಮೂನೆಯಿಂದ. ಅನುದಾನ ತಲೆಲೆಕ್ಕದಲ್ಲಿ ಬರುವ ಕಡೆ ಶಾಲೆ ಬಿಟ್ಟವರ ಹೆಸರುಗಳು ಸುಲಭವಾಗಿ ಅಳಿಯುವುದಿಲ್ಲ. ನೋಂದಣಿಯಾಗದ ಖಾಸಗಿ ಶಾಲೆಗಳು, ಕೆಲವು ಧಾರ್ಮಿಕ ಶಾಲೆಗಳು, ವೃತ್ತಿ ತರಬೇತಿ ಕೇಂದ್ರಗಳು ಲೆಕ್ಕದಲ್ಲಿ ಸೇರಿವೆಯೇ ಅಂತ ಕೇಳಿ. ಹುಡುಗರನ್ನು ಖಾಸಗಿ ಶಾಲೆಗೂ ಹುಡುಗಿಯರನ್ನು ಸರ್ಕಾರಿ ಶಾಲೆಗೂ ಕಳಿಸುವ ರೂಢಿಯಿದ್ದರೆ, ಖಾಸಗಿಯನ್ನು ಬಿಟ್ಟ ಲೆಕ್ಕದಲ್ಲಿ ಹುಡುಗಿಯರ ಪಾಲು ಸುಳ್ಳೇ ಉಬ್ಬಿರುತ್ತದೆ. ಮನೆಮನೆ ಸಮೀಕ್ಷೆಯಲ್ಲಿ ಈ ತೊಂದರೆ ಕಡಿಮೆ, ಆದರೆ ಅದು ನಾಲ್ಕೈದು ವರ್ಷಕ್ಕೊಮ್ಮೆ ನಡೆಯುವಂಥದ್ದು.

‘ಪ್ರೌಢ’ ಅನ್ನುವ ಪದವೂ ಎಲ್ಲ ಕಡೆ ಒಂದೇ ಅಲ್ಲ. ಯುನೆಸ್ಕೋ ತನ್ನದೇ ವರ್ಗೀಕರಣ ಬಳಸುತ್ತದೆ. ಇಸ್ಕೆಡ್ ಅಂತ ಅದರ ಹೆಸರು. ಅದರಲ್ಲಿ 2ನೇ ಹಂತ ಕೆಳ ಪ್ರೌಢ, 3ನೇ ಹಂತ ಮೇಲಿನ ಪ್ರೌಢ. ಭಾರತದಲ್ಲಿ ನಾವು ಮಾಧ್ಯಮಿಕ ಅಂದರೆ 9–10 ಅಂತ ತಿಳಿಯುತ್ತೇವೆ, ಆದರೆ ಅಂತರರಾಷ್ಟ್ರೀಯ ಕೋಷ್ಟಕದ ‘ಪ್ರೌಢ’ ಶುರುವಾಗುವುದು 6ನೇ ತರಗತಿಯಿಂದ. ಕೀನ್ಯಾದ ಹಳೇ ಪದ್ಧತಿಯಲ್ಲಿ ಪ್ರಾಥಮಿಕ ಶಾಲೆ ಎಂಟು ವರ್ಷದ್ದು, ಆದರೂ ಅದರ ಕೊನೆಯ ಎರಡು ತರಗತಿ ಯುನೆಸ್ಕೋ ಲೆಕ್ಕದಲ್ಲಿ ಕೆಳ ಪ್ರೌಢ. ದೇಶದ ಸ್ವಂತ ವರದಿಯ ಅಂಕಿಯನ್ನೂ ವಿಶ್ವಬ್ಯಾಂಕಿನ ಅಂಕಿಯನ್ನೂ ಒಂದೇ ರೇಖೆಯ ಮೇಲೆ ಹೊಲಿದರೆ ನಡುವೆ ಕಾಣುವ ‘ಏರಿಕೆ’ ಬರೀ ಹೊಲಿಗೆಯ ಗಂಟು.

ವರ್ಷವನ್ನೂ ಗಮನಿಸಿ. ಅಫ್ಘಾನಿಸ್ತಾನದಲ್ಲಿ 2021ರಿಂದ ಆರನೇ ತರಗತಿ ದಾಟಿದ ಹುಡುಗಿಯರಿಗೆ ಶಾಲೆ ಮುಚ್ಚಿದೆ. 2022ರ ಮಾರ್ಚ್ 23ರಂದು ತೆರೆಯುತ್ತೇವೆಂದು ಹೇಳಿ, ಬಂದ ಹುಡುಗಿಯರನ್ನು ಅದೇ ದಿನ ವಾಪಸು ಕಳಿಸಿದರು. ಆದರೆ ‘ಇತ್ತೀಚೆಗೆ ಲಭ್ಯವಿರುವ ವರ್ಷ’ ಅಂತ ಆರಿಸಿದರೆ ನಿಷೇಧಕ್ಕೆ ಮುಂಚಿನ ಹಳೇ ಶೇಕಡಾವಾರು ಎದ್ದು ಬರಬಹುದು. ಖಾಲಿ ಕೋಶ ಸೊನ್ನೆಯಲ್ಲ, ಹಳೇ ಅಂಕಿ ಇಂದಿನದಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಯಾವ ಮೆಟ್ಟಿಲು ಮುರಿದಿದೆ ಅಂತ ತಿಳಿಯದೆ ಸೈಕಲ್ಲೋ ಸ್ಟೈಪೆಂಡೋ ಅಂತ ಕೇಳಿದರೆ, ಜ್ವರವೋ ಮುರಿತವೋ ತಿಳಿಯದೆ ಮಾತ್ರೆ ಕೇಳಿದಂತೆ. ಆದರೂ ಗಟ್ಟಿ ಪುರಾವೆ ಇರುವ ಕೆಲವನ್ನು ಹೇಳುತ್ತೇನೆ.

ದೂರವೇ ಅಡ್ಡಿಯಾಗಿದ್ದರೆ ಸೈಕಲ್. ಬಿಹಾರ ಸರ್ಕಾರ 2006ರಲ್ಲಿ 9ನೇ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು 2,000 ರೂಪಾಯಿ ಕೊಡತೊಡಗಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ನೆರೆಯ ಜಾರ್ಖಂಡ್ ಜೊತೆಗೂ, ಎರಡೂ ರಾಜ್ಯಗಳ ಹುಡುಗರ ಜೊತೆಗೂ ಹೋಲಿಸಿ ಅಳೆದರು. ಪ್ರೌಢಶಾಲೆ ಸೇರುವ ಹುಡುಗಿಯರ ದರ ಶೇ. 32ರಷ್ಟು ಹೆಚ್ಚಿತ್ತು, ಹುಡುಗ–ಹುಡುಗಿಯರ ಅಂತರ ಶೇ. 40ರಷ್ಟು ಇಳಿದಿತ್ತು. ಮುಖ್ಯವಾದ ಮಾತು ಇನ್ನೊಂದು: ಪರಿಣಾಮ ಕಂಡದ್ದು ಹೆಚ್ಚಾಗಿ ಪ್ರೌಢಶಾಲೆ 3 ಕಿಲೋಮೀಟರಿಗಿಂತ ದೂರ ಇದ್ದ ಹಳ್ಳಿಗಳಲ್ಲಿ. ಶಾಲೆ ಹಿತ್ತಲಲ್ಲೇ ಇದ್ದ ಕಡೆ ಸೈಕಲ್ ಬಂದರೂ ದಾಖಲಾತಿ ಅಷ್ಟಾಗಿ ಕದಲಲಿಲ್ಲ. ಆದ್ದರಿಂದ ಮೊದಲು ಮಾಡಬೇಕಾದ್ದು ಹಳ್ಳಿಯಿಂದ ಹತ್ತಿರದ ಪ್ರೌಢಶಾಲೆಗೆ ಎಷ್ಟು ದೂರ ಅನ್ನುವ ನಕ್ಷೆ. ಗುಂಪಾಗಿ ಹೋಗುವುದೂ ಇದರ ಶಕ್ತಿಯ ಒಂದು ಭಾಗ. ಒಬ್ಬಳೇ ನಡೆದು ಹೋಗುವಾಗ ಇದ್ದ ಭಯ ಹತ್ತು ಸೈಕಲ್ ಒಟ್ಟಿಗೆ ಹೊರಟಾಗ ಕಡಿಮೆ. ಗುಡ್ಡಗಾಡಿನಲ್ಲಿ, ಮರಳಲ್ಲಿ, ಮಳೆಗೆ ಕೊಚ್ಚಿಹೋಗುವ ದಾರಿಯಲ್ಲಿ ಸೈಕಲ್ ನಡೆಯದು. ಅಲ್ಲಿ ಹಾಸ್ಟೆಲ್ ಅಥವಾ ಹತ್ತಿರದ ಪ್ರಾಥಮಿಕ ಶಾಲೆಗೇ ಎರಡು ಮೂರು ತರಗತಿ ಸೇರಿಸುವುದು. ಚೈನು ಹರಿದರೆ, ಟೈರು ಸವೆದರೆ ಯಾರು ರಿಪೇರಿ ಮಾಡುತ್ತಾರೆ ಅನ್ನುವುದಕ್ಕೂ ಯೋಜನೆಯಲ್ಲಿ ದುಡ್ಡಿಡಿ.

ಹಣ ಅಡ್ಡಿಯಾಗಿದ್ದರೆ ಸ್ಟೈಪೆಂಡ್. ಇದರ ದೊಡ್ಡ ಉದಾಹರಣೆ ಬಾಂಗ್ಲಾದೇಶ. 1982ರಲ್ಲಿ ಶಾಹ್‌ರಾಸ್ತಿ ಎಂಬ ಒಂದು ಉಪಜಿಲ್ಲೆಯಲ್ಲಿ ಶುರುವಾಗಿ 1994ರಲ್ಲಿ ದೇಶದ ಗ್ರಾಮೀಣ ಭಾಗಕ್ಕೆಲ್ಲ ಹಬ್ಬಿತು. 6ರಿಂದ 10ನೇ ತರಗತಿಯ ಹುಡುಗಿಯರಿಗೆ ಬೋಧನಾ ಶುಲ್ಕ ಮಾಫಿ, ಮೇಲೆ ಅವರದೇ ಹೆಸರಿನ ಬ್ಯಾಂಕ್ ಖಾತೆಗೆ ಹಣ. ಷರತ್ತು ಮೂರು: ಶೇ. 75 ಹಾಜರಿ, ಪರೀಕ್ಷೆಯಲ್ಲಿ ಶೇ. 45 ಅಂಕ, ಮದುವೆಯಾಗಿರಬಾರದು. 1990ರ ದಶಕದ ಆರಂಭದಲ್ಲಿ ಮೂರನೇ ಒಂದರಷ್ಟಿದ್ದ ಹುಡುಗಿಯರ ಪಾಲು ಹತ್ತು–ಹನ್ನೆರಡು ವರ್ಷಗಳಲ್ಲಿ ಅರ್ಧ ದಾಟಿತು. ಅದಷ್ಟೂ ಸ್ಟೈಪೆಂಡಿನದ್ದೇ ಕೆಲಸ ಅಂತ ನಾನು ಹೇಳಲಾರೆ. ಅದೇ ಕಾಲಕ್ಕೆ ಗಾರ್ಮೆಂಟ್ ಕಾರ್ಖಾನೆಗಳು ಬೆಳೆದವು, ಅಕ್ಷರ ಬಲ್ಲ ಹುಡುಗಿಗೆ ಕೆಲಸ ಸಿಗತೊಡಗಿತು, ಹೆರಿಗೆಗಳು ಕಡಿಮೆಯಾದವು. ಆದರೆ ಸ್ಟೈಪೆಂಡ್ ಒಂದು ಕೆಲಸ ಖಂಡಿತ ಮಾಡಿತು: ಹುಡುಗಿ ಹೈಸ್ಕೂಲಿಗೆ ಹೋಗುವುದು ಮಾಮೂಲಿ ಸಂಗತಿಯಾಯಿತು.

ಎಲ್ಲಿ ಕೆಡುತ್ತದೆ? ಒಂದು, ಮೊತ್ತ ವರ್ಷಗಟ್ಟಲೆ ಬದಲಾಗದೆ ಬೆಲೆಯೇರಿಕೆಯಲ್ಲಿ ಕರಗುತ್ತದೆ. ಎರಡು, ಶುಲ್ಕ ಕಟ್ಟಬೇಕಾದ ತಿಂಗಳು ಕಳೆದ ಮೇಲೆ ಹಣ ಬರುತ್ತದೆ. ಹತ್ತನೇ ತರಗತಿಯ ಪ್ರವೇಶಕ್ಕೆ ಬೇಕಾದ ದುಡ್ಡು ಆರು ತಿಂಗಳ ನಂತರ ಬಂದರೆ ಅದು ಒಳಗಿದ್ದವಳಿಗೆ ಬಹುಮಾನವಾದೀತೇ ಹೊರತು ಹೊರಗೆ ನಿಂತವಳನ್ನು ಒಳಗೆ ತರಲಾರದು. ಮೂರು, ಹಾಜರಿ ಶೇ. 75 ಮುಟ್ಟಿಸುವ ಕೆಲಸವನ್ನು ಪೆನ್ನೇ ಮಾಡಿಬಿಡುತ್ತದೆ; ರಿಜಿಸ್ಟರಿನಲ್ಲಿ ಎಲ್ಲ ಹುಡುಗಿಯರದ್ದೂ 76, 77 ಅಂತ ಸಾಲಾಗಿ ನಿಂತಿದ್ದರೆ ಅನುಮಾನಿಸಿ. ನಾಲ್ಕು, ಷರತ್ತು ಅತಿ ಬಡವರನ್ನೇ ಮೊದಲು ಹೊರಗೆ ಹಾಕುತ್ತದೆ, ಏಕೆಂದರೆ ಹಾಜರಿ ತಪ್ಪುವವರು ಅವರೇ.

ಷರತ್ತಿನ ವಿಚಾರದಲ್ಲಿ ಮಲಾವಿಯ ಜೋಂಬಾ ಜಿಲ್ಲೆಯಲ್ಲಿ ನಡೆದ ಪ್ರಯೋಗ ನೋಡಲೇಬೇಕು. ಸಾರಾ ಬೇರ್ಡ್, ಕ್ರೇಗ್ ಮ್ಯಾಕಿಂಟಾಶ್, ಬೆರ್ಕ್ ಓಜ್ಲರ್ 2008–09ರಲ್ಲಿ ಒಂದಷ್ಟು ಹುಡುಗಿಯರಿಗೆ ಶಾಲೆಗೆ ಬಂದರೆ ಮಾತ್ರ ಹಣ, ಇನ್ನೊಂದಷ್ಟು ಮಂದಿಗೆ ಏನೂ ಕೇಳದೆ ಹಣ ಕೊಟ್ಟು ನೋಡಿದರು. ಶಾಲೆಯ ಅಳತೆಯಲ್ಲಿ ಷರತ್ತಿನ ಗುಂಪು ಮೇಲಾಯಿತು. ಆದರೆ ಹದಿಹರೆಯದ ಮದುವೆ ಮತ್ತು ಗರ್ಭಧಾರಣೆ ಕಡಿಮೆಯಾದದ್ದು ಷರತ್ತಿಲ್ಲದ ಗುಂಪಿನಲ್ಲಿ, ಅದರಲ್ಲೂ ಶಾಲೆ ಬಿಟ್ಟ ಹುಡುಗಿಯರಲ್ಲಿ. ಷರತ್ತಿನ ಗುಂಪಿನಲ್ಲಿ ಶಾಲೆ ಬಿಟ್ಟವಳಿಗೆ ಹಣವೂ ನಿಂತಿತು, ಮದುವೆ ತಡೆಯಲು ಏನೂ ಉಳಿಯಲಿಲ್ಲ. ಪಾಲನ್ನಷ್ಟೇ ಏರಿಸಬೇಕಿದ್ದರೆ ಷರತ್ತು ಹಾಕಿ. ಹೊರಬಿದ್ದವಳ ಗತಿಯೂ ನಿಮ್ಮ ವರದಿಯ ವಿಷಯವಾಗಿದ್ದರೆ ಎರಡು ಸಲ ಯೋಚಿಸಿ.

ಮದುವೆ ಅಡ್ಡಿಯೋ, ಶಾಲೆ ಬಿಟ್ಟದ್ದರಿಂದ ಮದುವೆಯೋ ಅನ್ನುವುದು ಹಳೇ ಜಗಳ. ಎರಡೂ ನಿಜ. ಎರಿಕಾ ಫೀಲ್ಡ್ ಮತ್ತು ಅಟ್ಟಿಲಾ ಆಂಬ್ರಸ್ ಬಾಂಗ್ಲಾದೇಶದ ಗ್ರಾಮೀಣ ಅಂಕಿಗಳಿಂದ ಲೆಕ್ಕ ಹಾಕಿದಂತೆ, ಮದುವೆ ಒಂದು ವರ್ಷ ಮುಂದೆ ಹೋದರೆ ಓದು 0.22 ವರ್ಷ ಹೆಚ್ಚುತ್ತದೆ. ಚಿಕ್ಕದೆನಿಸಿದರೂ ನಾಲ್ಕೈದು ವರ್ಷ ಮುಂದೂಡಿದರೆ ಒಂದು ಪೂರ್ತಿ ತರಗತಿ. ಇಲ್ಲಿ ಯಾರ ಗಮನಕ್ಕೂ ಬರದ ಒಂದು ಅಗ್ಗದ ಉಪಾಯ ಇದೆ: ಒಂದನೇ ತರಗತಿಗೆ ಸರಿಯಾದ ವಯಸ್ಸಿನಲ್ಲಿ ಸೇರಿಸುವುದು. ಆರಕ್ಕೆ ಸೇರಿದವಳು ಹನ್ನೆರಡಕ್ಕೆ ಏಳನೇ ತರಗತಿಯಲ್ಲಿರುತ್ತಾಳೆ. ತಮ್ಮನನ್ನು ಎತ್ತಿಕೊಂಡು ಒಂಬತ್ತಕ್ಕೆ ಸೇರಿದವಳು ಅದೇ ತರಗತಿಯಲ್ಲಿ ಹದಿನೈದು. ನಮ್ಮ ಕೋಷ್ಟಕದ ಒಂಬತ್ತು–ಹತ್ತರ ಮುರಿದ ಮೆಟ್ಟಿಲಿಗೆ ಬರುವ ಹೊತ್ತಿಗೆ ಅವಳಿಗೆ ಹದಿನೇಳು ಹದಿನೆಂಟು. ಮನೆಯಲ್ಲಿ ಯಾವ ಮಾತು ನಡೆದಿರುತ್ತದೆ ಅಂತ ಹೇಳಬೇಕಿಲ್ಲ. ಹಾಗಾಗಿ ತರಗತಿವಾರು ವಯಸ್ಸಿನ ಕೋಷ್ಟಕವನ್ನೂ ಇಲಾಖೆಯಿಂದ ಕೇಳಿ ಪಡೆಯಿರಿ.

ಗರ್ಭಿಣಿಯಾದ ಹುಡುಗಿಯನ್ನು ಶಾಲೆಯಿಂದ ಹೊರಗಿಡುವ ನಿಯಮ ಇದ್ದರೆ ಅದನ್ನು ತೆಗೆಯುವುದಕ್ಕೆ ಖರ್ಚೇ ಇಲ್ಲ. ಸಿಯೆರಾ ಲಿಯೋನ್ 2020ರ ಮಾರ್ಚಿನಲ್ಲಿ, ತಾಂಜಾನಿಯ 2021ರ ನವೆಂಬರಿನಲ್ಲಿ ಅಂಥ ನಿಷೇಧ ಕೈಬಿಟ್ಟವು. ಆದರೆ ನಿಯಮ ಹೋದ ಮಾತ್ರಕ್ಕೆ ಮಗುವನ್ನು ನೋಡಿಕೊಳ್ಳುವವರು ಸಿಗುವುದಿಲ್ಲ, ಮರುಪ್ರವೇಶಕ್ಕೆ ಹಳೇ ಶಾಲೆಯ ವರ್ಗಾವಣೆ ಪತ್ರ ಕೇಳುವ ಗುಮಾಸ್ತ ಅಲ್ಲೇ ಕೂತಿರುತ್ತಾನೆ.

ಶೌಚಾಲಯ ಮತ್ತು ಪ್ಯಾಡ್ ಬಗ್ಗೆ ನೇರವಾಗಿ ಹೇಳುತ್ತೇನೆ. ‘ಮುಟ್ಟಿನಿಂದಾಗಿ ಹುಡುಗಿಯರು ತಿಂಗಳಿಗೆ ನಾಲ್ಕೈದು ದಿನ ಶಾಲೆ ತಪ್ಪಿಸುತ್ತಾರೆ’ ಅನ್ನುವ ವಾಕ್ಯ ಎಷ್ಟೋ ವರದಿಗಳಲ್ಲಿ ಕಣ್ಣು ಮುಚ್ಚಿ ನಕಲಾಗಿದೆ. ಎಮಿಲಿ ಆಸ್ಟರ್ ಮತ್ತು ರೆಬೆಕಾ ಥಾರ್ನ್‌ಟನ್ ನೇಪಾಳದಲ್ಲಿ ದಿನದಿನದ ಹಾಜರಿ ಇಟ್ಟು ನೋಡಿದಾಗ ಮುಟ್ಟಿನ ಕಾರಣಕ್ಕೆ ತಪ್ಪಿದ್ದು 180 ದಿನದ ಶಾಲಾ ವರ್ಷದಲ್ಲಿ ಸುಮಾರು 0.4 ದಿನ. ಮುಟ್ಟಿನ ಕಪ್ ಕೊಟ್ಟರೂ ಹಾಜರಿಯಲ್ಲಿ ವ್ಯತ್ಯಾಸವಾಗಲಿಲ್ಲ. ಒಂದು ದೇಶದ ಒಂದು ಅಧ್ಯಯನ ಎಲ್ಲ ಕಡೆಗೂ ಅನ್ವಯಿಸುವುದಿಲ್ಲ, ನಿಜ. ಬಾಗಿಲು, ಚಿಲಕ, ನೀರು, ಕಸದ ಡಬ್ಬಿ ಇರುವ ಶೌಚಾಲಯ ಹುಡುಗಿಯ ಮಾನದ ಪ್ರಶ್ನೆ, ಅದಕ್ಕೆ ಇನ್ನೊಂದು ಸಮರ್ಥನೆ ಬೇಕಿಲ್ಲ. ಆದರೆ ಅದರಿಂದ ಪಾಲು ಮೂರು ಅಂಶ ಏರುತ್ತದೆ ಅಂತ ದಾನಿಗಳಿಗೆ ಮಾತು ಕೊಡಬೇಡಿ.

ಸಮವಸ್ತ್ರ ಸಣ್ಣದೆನಿಸುತ್ತದೆ, ಆದರೆ ಕಡೆಗಣಿಸುವಂಥದ್ದಲ್ಲ. ಶಾಲೆ ಉಚಿತ ಅಂತ ಘೋಷಿಸಿದ ಮೇಲೂ ಮನೆಯವರ ಕೈ ಕಚ್ಚುವುದು ಅದು. ಕೀನ್ಯಾದ ಪಶ್ಚಿಮ ಭಾಗದಲ್ಲಿ ಎಸ್ತರ್ ಡುಫ್ಲೊ, ಪಾಸ್ಕಲಿನ್ ಡುಪಾ, ಮೈಕಲ್ ಕ್ರೆಮರ್ ಆರನೇ ತರಗತಿಯ ಮಕ್ಕಳಿಗೆ ಸಮವಸ್ತ್ರವನ್ನು ಪುಕ್ಕಟೆ ಕೊಟ್ಟು ವರ್ಷಗಟ್ಟಲೆ ಹಿಂಬಾಲಿಸಿದರು. ಶಾಲೆ ಬಿಡುವುದೂ ಹದಿಹರೆಯದ ಗರ್ಭವೂ ಕಡಿಮೆಯಾದವು. ದುಬಾರಿ ಯೋಜನೆಗೆ ಮುಂಚೆ ಮನೆಯೊಂದು ಮಗುವಿಗಾಗಿ ವರ್ಷಕ್ಕೆ ಏನೇನಕ್ಕೆ ಎಷ್ಟು ಕೊಡುತ್ತದೆ ಅನ್ನುವ ಪಟ್ಟಿ ಮಾಡಿ. ಶುಲ್ಕ ಅಂತ ಹೆಸರಿಲ್ಲದ ಶುಲ್ಕಗಳು ಆ ಪಟ್ಟಿಯಲ್ಲೇ ಸಿಗುತ್ತವೆ.

ನಿಮ್ಮ ವರದಿಗೆ ಈಗ ಬೇಕಾಗಿರುವುದು ನಾಲ್ಕು ಅಂಕಿ: ಆ ವಯಸ್ಸಿನ ಜನಸಂಖ್ಯೆಯಲ್ಲಿ ಹುಡುಗಿಯರ ಪಾಲು, ಹತ್ತು ವರ್ಷದ ಎರಡು ತುದಿಯಲ್ಲೂ ಹುಡುಗಿಯರ ಮತ್ತು ಹುಡುಗರ ನಿಜ ಸಂಖ್ಯೆ, ಕೆಳ ಮತ್ತು ಮೇಲಿನ ಪ್ರೌಢದ ಬೇರೆ ಬೇರೆ ಪಾಲು, ಮರಳಿ ಕೂತವರ ಸಂಖ್ಯೆ. ಮೊದಲನೆಯದು ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗದ ವಯೋವಾರು ಕೋಷ್ಟಕದಲ್ಲಿ ಸಿಗುತ್ತದೆ. ನಡುವಿನೆರಡು ಯುನೆಸ್ಕೋ ಅಂಕಿಅಂಶ ಸಂಸ್ಥೆಯಲ್ಲಿ, ಕೊನೆಯದು ಹೆಚ್ಚಾಗಿ ಆ ದೇಶದ ಶಿಕ್ಷಣ ಇಲಾಖೆಯ ವಾರ್ಷಿಕ ಪುಸ್ತಕದಲ್ಲಿ. ಅಷ್ಟು ಕೈಗೆ ಬಂದ ಮೇಲೆ ‘ಇನ್ನು ಮೂರೇ ಅಂಶ’ ಅನ್ನುವ ಸಾಲನ್ನು ಹೊಡೆದುಹಾಕಿ, ‘ಹುಡುಗರಷ್ಟೇ ದರದಲ್ಲಿ ಬಂದಿದ್ದರೆ ಇನ್ನೂ ಇಷ್ಟು ಸಾವಿರ ಹುಡುಗಿಯರು ಶಾಲೆಯಲ್ಲಿರುತ್ತಿದ್ದರು, ಅವರಲ್ಲಿ ಇಷ್ಟು ಮಂದಿ ಇಂಥ ತರಗತಿಯಿಂದ ಇಂಥ ತರಗತಿಗೆ ಹೋಗುವಾಗ ಕಳೆದುಹೋದವರು’ ಎಂದು ಬರೆಯಿರಿ.